ಜಗಲಿಯಿಂದ ಚಾಪೆಗೆ: ಮೇಷ್ಟ್ರಿಗೂ ಮಗುವಿಗೂ ನಡುವಿನ ದೂರ

(ಪ್ರಾಥಮಿಕ ಶಾಲಾ ಶಿಕ್ಷಕರ ಕ್ಲಸ್ಟರ್ ಮಟ್ಟದ ಸಮಾಲೋಚನಾ ಸಭೆಯೊಂದರಲ್ಲಿ ನಮ್ಮ ವರದಿಗಾರ್ತಿ ಮಾಡಿದ ಭಾಷಣದ ಲಿಖಿತ ರೂಪ)



‘ಮಕ್ಕಳೊಂದಿಗೆ ಶಿಕ್ಷಕರ ಒಡನಾಟ’ ಎಂಬ ವಿಷಯದ ಮೇಲೆ ಮಾತಾಡಬೇಕೆಂದು ಕರೆದಿದ್ದೀರಿ. ಒಂದು ದಿನವೂ ಪಾಠ ಮಾಡದ ನಾನು, ಇಪ್ಪತ್ತು ಮೂವತ್ತು ವರ್ಷ ಪಾಠ ಮಾಡಿದವರ ಎದುರು ನಿಂತು ಉಪದೇಶ ಮಾಡಿದರೆ ಅದು ಅಧಿಕಪ್ರಸಂಗವಾದೀತು. ಪತ್ರಿಕಾ ವೃತ್ತಿಯಲ್ಲಿ ನಮಗೆ ಮೊದಲು ಹೇಳಿಕೊಡುವುದು, ಕಣ್ಣೆದುರಿನ ಸಂಗತಿ ಹೇಗೆ ಹೀಗಾಯಿತು ಎಂದು ಹಿಂದಕ್ಕೆ ಹೋಗಿ ವಿಚಾರಿಸುವುದನ್ನು. ಇವತ್ತು ಅಷ್ಟನ್ನು ಮಾತ್ರ ಮಾಡುತ್ತೇನೆ. ಕನ್ನಡ ನಾಡಿನಲ್ಲಿ ಮೇಷ್ಟ್ರು ಮಗುವಿನಿಂದ ಎಷ್ಟು ದೂರದಲ್ಲಿ ಕೂತಿದ್ದರು, ಯಾವಾಗ ಹತ್ತಿರ ಬಂದರು, ಯಾವಾಗ ದೂರ ಸರಿದರು ಎಂಬುದು ನನ್ನ ವಿಷಯ.

1962ರಿಂದ ನಾವು ಸೆಪ್ಟೆಂಬರ್ 5ನ್ನು ಶಿಕ್ಷಕರ ದಿನವಾಗಿ ಆಚರಿಸುತ್ತಿದ್ದೇವೆ. ಅಂದು ವೇದಿಕೆಯ ಮೇಲೆ ಗುರುವನ್ನು ದೇವರಿಗೆ ಹೋಲಿಸದ ಭಾಷಣವೇ ಇಲ್ಲ. ಆದರೆ ಒಂದನೇ ತರಗತಿಯ ಮಗು ದೇವರ ಬಳಿ ಹೋಗಿ ‘ನನ್ನ ಚಡ್ಡಿ ಒದ್ದೆಯಾಗಿದೆ’ ಎಂದು ಹೇಳಿಕೊಳ್ಳುವುದು ಹೇಗೆ? ಉತ್ತರ ಕರ್ನಾಟಕದ ಶಾಲೆಗಳಲ್ಲಿ ಮಕ್ಕಳು ಶಿಕ್ಷಕಿಯನ್ನು ‘ಅಕ್ಕೋರು’ ಎನ್ನುತ್ತಾರೆ. ಅಕ್ಕನಿಗೆ ಗೌರವದ ‘ಅವರು’ ಸೇರಿ ಆದ ಮಾತು ಅದು. ಸಲುಗೆ, ಮರ್ಯಾದೆ ಎರಡೂ ಆ ಒಂದೇ ಪದದಲ್ಲಿವೆ. ನನ್ನ ಮಟ್ಟಿಗೆ, ದೇವರಿಗಿಂತ ಇದು ಉತ್ತಮ ಹೋಲಿಕೆ.

ಮಕ್ಕಳನ್ನು ಒಲಿಸಿಕೊಳ್ಳುವುದು ಕೆಲವರಿಗೆ ಹುಟ್ಟಿನಿಂದ ಬಂದ ಗುಣ, ಉಳಿದವರಿಗೆ ಅದು ದಕ್ಕುವುದಿಲ್ಲ ಎಂಬ ನಂಬಿಕೆ ನಮ್ಮಲ್ಲಿದೆ. ನಾನು ಓದಿದ್ದರಲ್ಲಿ, ಶಾಲೆಗಳಿಗೆ ಹೋಗಿ ನೋಡಿದ್ದರಲ್ಲಿ ಹಾಗೆ ಕಾಣಲಿಲ್ಲ. ಮೇಷ್ಟ್ರು ಎಲ್ಲಿ ಕೂರುತ್ತಾರೆ, ಮಗುವಿನ ಮನೆಯ ಬಾಗಿಲು ಕಂಡಿದ್ದಾರೆಯೇ, ಮಗುವಿನ ಮಾತು ಅವರಿಗೆ ತಿಳಿಯುತ್ತದೆಯೇ, ನಾಲ್ಕು ದಿನ ತಪ್ಪಿಸಿಕೊಂಡ ಮಗು ಐದನೆಯ ದಿನ ಬಂದಾಗ ಶಾಲೆಯಲ್ಲಿ ಏನಾಗುತ್ತದೆ ಎಂಬಂಥ ಸಂಗತಿಗಳಿಂದಲೇ ನಂಟು ಹುಟ್ಟುತ್ತದೆ ಅಥವಾ ಸಾಯುತ್ತದೆ. ಇವೆಲ್ಲ ಸ್ವಭಾವಕ್ಕಿಂತ ಹೆಚ್ಚಾಗಿ ಏರ್ಪಾಟಿಗೆ ಸೇರಿದವು.

ಹಳೆಯ ಶಾಲೆಯಿಂದ ಆರಂಭಿಸೋಣ. ಮೈಸೂರಿನ ಕಡೆ ಅದನ್ನು ಕೂಲಿಮಠ ಎಂದರು, ಕರಾವಳಿಯಲ್ಲಿ ಐಗಳ ಮಠ ಎಂದರು, ಧಾರವಾಡದ ಸೀಮೆಯಲ್ಲಿ ಗಾಂವಠಿ ಶಾಲೆ ಎಂದರು. ಪ್ರತ್ಯೇಕ ಕಟ್ಟಡವೆಂಬುದು ಸಾಮಾನ್ಯವಾಗಿ ಇರಲಿಲ್ಲ. ಯಾರದೋ ಮನೆಯ ಜಗಲಿ, ಗುಡಿಯ ಪಡಸಾಲೆ, ಇಲ್ಲವೇ ಅಯ್ಯನವರ ಮನೆಯೇ ಶಾಲೆ. ಮಕ್ಕಳು ನೆಲದ ಮೇಲೆ ಮರಳು ಹರಡಿಕೊಂಡು ಬೆರಳಿನಿಂದ ಅಕ್ಷರ ತಿದ್ದುತ್ತಿದ್ದರು. ಮಗ್ಗಿ, ಅಮರಕೋಶ ಬಾಯಿಪಾಠ ಮಾಡುತ್ತಿದ್ದರು. ದೊಡ್ಡ ಹುಡುಗರು ಚಿಕ್ಕವರಿಗೆ ಹೇಳಿಕೊಡುತ್ತಿದ್ದರು. ತರಗತಿ ಎಂಬ ವಿಭಾಗವಿರಲಿಲ್ಲ. ಯಾರು ಎಲ್ಲಿಯವರೆಗೆ ಬಂದಿದ್ದಾರೋ ಅಲ್ಲಿಂದ ಮುಂದೆ ಕಲಿಯುವುದು. ಅಯ್ಯನವರ ಜೀವನ ನಡೆಯಬೇಕಾದದ್ದು ಊರಿನ ಮನೆಗಳು ಕೊಡುವ ದುಡ್ಡು, ದವಸಗಳಿಂದ.

ಈ ಶಾಲೆಯ ವರ್ಷದ ದೊಡ್ಡ ಸಂಭ್ರಮ ಮಹಾನವಮಿ. ಹುಡುಗರು ಚೆನ್ನಾಗಿ ಉಡುಪು ತೊಟ್ಟು, ಕೋಲು ಹಿಡಿದು, ಅಯ್ಯನವರ ಜೊತೆ ಊರಿನ ಮನೆಮನೆಗೂ ಹೋಗುತ್ತಿದ್ದರು. ಪ್ರತಿ ಮನೆಯ ಮುಂದೆ ಮಹಾನವಮಿಯ ಚೌಪದನ ಹಾಡುವುದು, ಕೋಲಾಟವಾಡುವುದು, ಮನೆಯವರನ್ನು ಹರಸುವುದು. ಮನೆಯವರು ಅಯ್ಯನವರಿಗೆ ದಕ್ಷಿಣೆ ಕೊಡುತ್ತಿದ್ದರು, ಹುಡುಗರಿಗೆ ತಿಂಡಿ ಹಂಚುತ್ತಿದ್ದರು. ಇದನ್ನು ಬರೀ ಸಂಬಳ ವಸೂಲಿಯ ಉಪಾಯ ಎಂದು ನೋಡುವವರಿದ್ದಾರೆ. ಇರಬಹುದು. ಆದರೆ ಇದರಿಂದ ಇನ್ನೊಂದು ಕೆಲಸವೂ ಆಗುತ್ತಿತ್ತು. ವರ್ಷಕ್ಕೊಮ್ಮೆಯಾದರೂ ಪ್ರತಿ ಹುಡುಗನ ಮನೆಯಂಗಳವನ್ನು ಮೇಷ್ಟ್ರು ತುಳಿಯುತ್ತಿದ್ದರು. ಯಾರ ಮನೆಯಲ್ಲಿ ಹಸು ಕರು ಹಾಕಿದೆ, ಯಾರ ಮನೆಯಲ್ಲಿ ಅಜ್ಜ ಹಾಸಿಗೆ ಹಿಡಿದಿದ್ದಾರೆ ಎಂಬುದು ಅವರಿಗೆ ಗೊತ್ತಿರುತ್ತಿತ್ತು. ಹುಡುಗನಿಗೂ ಅಷ್ಟೇ: ‘ಇವರು ನಮ್ಮ ಮನೆಗೆ ಬಂದವರು’.

ಹಾಗೆಂದು ಕೂಲಿಮಠವನ್ನು ಹಾಡಿ ಹೊಗಳಲು ನಾನು ಸಿದ್ಧಳಿಲ್ಲ. ಅದೇ ಜಗಲಿಯಲ್ಲಿ ‘ಕೋದಂಡ’ ಎಂಬ ಶಿಕ್ಷೆಯೂ ಇತ್ತು. ಮೇಲಿಂದ ಇಳಿಬಿಟ್ಟ ಹಗ್ಗವನ್ನು ಹಿಡಿದು ಹುಡುಗ ನೆಲಕ್ಕೆ ಕಾಲು ತಾಗದಂತೆ ತೂಗಾಡಬೇಕು. ಕೈ ಸೋತು ಬಿದ್ದರೆ ಮತ್ತೆ ಏಟು. ಮನೆಮನೆಯನ್ನೂ ಬಲ್ಲ ಮನುಷ್ಯನೇ ಇದನ್ನೂ ಮಾಡಿಸುತ್ತಿದ್ದ. ಜೊತೆಗೆ, ಆ ಜಗಲಿ ಹತ್ತುವ ಅವಕಾಶ ದಲಿತ ಮಕ್ಕಳಿಗೆ ಇರಲಿಲ್ಲ. ಹೆಣ್ಣುಮಕ್ಕಳು ಅಲ್ಲಿ ಅಪರೂಪ. ಮನೆಯ ಪರಿಚಯ ದೊಡ್ಡ ಬಂಡವಾಳ ನಿಜ, ಆದರೆ ಭಯವೆಂಬ ಸಾಲ ತಲೆಯ ಮೇಲಿದ್ದರೆ ಆ ಬಂಡವಾಳ ಉಳಿಯದು.

1854ರ ವುಡ್ ಅವರ ಶಿಕ್ಷಣ ನಿರೂಪದ ನಂತರ ಸರ್ಕಾರಿ ವಿದ್ಯಾ ಇಲಾಖೆಗಳು ಬಂದವು. ಕಟ್ಟಡ, ಗಂಟೆ, ಕುರ್ಚಿ, ಮೇಜು, ಹಾಜರಿ ಪುಸ್ತಕ, ಅಚ್ಚಾದ ಪಠ್ಯ, ಇವುಗಳ ಮೇಲೊಬ್ಬ ಇನ್‌ಸ್ಪೆಕ್ಟರ್. ಶಾಲೆಯ ಬಾಗಿಲು ಕಾಗದದ ಮೇಲಾದರೂ ಎಲ್ಲರಿಗೂ ತೆರೆಯಿತು. ಇದು ಸಣ್ಣ ಮಾತಲ್ಲ. ಆದರೆ ಮೇಷ್ಟ್ರ ಸಂಬಳ ಊರಿನಿಂದ ಬರುವುದು ನಿಂತು ಖಜಾನೆಯಿಂದ ಬರತೊಡಗಿದಾಗ ಅವರ ಮುಖವೂ ಮೆಲ್ಲನೆ ಅತ್ತ ತಿರುಗಿತು. ಮಗುವಿನ ತಂದೆ ಏನೆಂದುಕೊಂಡಾನು ಎನ್ನುವುದಕ್ಕಿಂತ ಇನ್‌ಸ್ಪೆಕ್ಟರ್ ಏನು ಬರೆದಾರು ಎಂಬುದು ದೊಡ್ಡ ಚಿಂತೆಯಾಯಿತು. ಮದರಾಸು ಪ್ರಾಂತ್ಯದಲ್ಲಂತೂ ಮಕ್ಕಳ ಪರೀಕ್ಷೆಯ ಫಲಿತಾಂಶ ನೋಡಿ ಶಾಲೆಗೆ ಅನುದಾನ ಕೊಡುವ ಪದ್ಧತಿಯೂ ಇತ್ತು. ಮಗು ತಪ್ಪು ಹೇಳಿದರೆ ಮೇಷ್ಟ್ರ ಅನ್ನಕ್ಕೆ ಕಲ್ಲು ಎಂದಾದ ಮೇಲೆ ಅವರ ಕೈಗೆ ಬೆತ್ತ ಬಂದದ್ದು ಆಶ್ಚರ್ಯವಲ್ಲ.

ಆ ಇನ್‌ಸ್ಪೆಕ್ಟರುಗಳ ಸಾಲಿನಲ್ಲಿಯೇ ನಮಗೆ ಪಂಜೆ ಮಂಗೇಶರಾಯರು ಸಿಗುತ್ತಾರೆ. 1874ರಲ್ಲಿ ಬಂಟ್ವಾಳದಲ್ಲಿ ಹುಟ್ಟಿದ ಅವರು ಮೊದಲು ಅಧ್ಯಾಪಕರು, ಆಮೇಲೆ ದಕ್ಷಿಣ ಕನ್ನಡದಲ್ಲಿ ಶಾಲಾ ಇನ್‌ಸ್ಪೆಕ್ಟರ್, ಅನಂತರ ಮಡಿಕೇರಿಯಲ್ಲಿ ಮುಖ್ಯೋಪಾಧ್ಯಾಯರು. 1934ರಲ್ಲಿ ರಾಯಚೂರಿನ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಇಷ್ಟೆಲ್ಲ ಆದ ಮೇಲೂ ಅವರು ಇಟ್ಟುಕೊಂಡ ಕಾವ್ಯನಾಮ ‘ಕವಿಶಿಷ್ಯ’. ಮಕ್ಕಳು ಹಾಡಿಕೊಳ್ಳಬಹುದಾದ ಪದ್ಯ, ಕೇಳಿ ನಗಬಹುದಾದ ಕತೆ ಪಠ್ಯದಲ್ಲಿ ಬೇಕೆಂದು ಕಂಡು ಅವರು ತಾವೇ ಬರೆದರು. ಜಿ.ಪಿ. ರಾಜರತ್ನಂ ಮಾಡಿದ್ದೂ ಇದನ್ನೇ. ಎಂ.ಎ. ಮುಗಿಸಿ ಕೆಲಕಾಲ ಪುಟ್ಟ ಮಕ್ಕಳಿಗೆ ಪಾಠ ಮಾಡುತ್ತಿದ್ದಾಗ ಅವರಿಗೆ ಶಿಶುಗೀತೆಗಳ ಅಗತ್ಯ ಕಂಡಿತು, ‘ತುತ್ತೂರಿ’ ಬಂತು. ಇವರಿಬ್ಬರನ್ನೂ ನಾವು ಸಾಹಿತ್ಯದ ಇತಿಹಾಸದಲ್ಲಿ ಓದುತ್ತೇವೆ. ಶಾಲೆಯ ಇತಿಹಾಸದಲ್ಲಿ ಓದುವುದು ಕಡಿಮೆ. ಹಾಡು ಏನು ಮಾಡುತ್ತದೆಂದು ನಿಮಗೆ ನಾನು ಹೇಳಬೇಕಿಲ್ಲ. ಲೆಕ್ಕ ಕೇಳುವಾಗ ಮೇಷ್ಟ್ರು ಒಂದು ಕಡೆ, ಮಗು ಒಂದು ಕಡೆ. ಅಭಿನಯ ಗೀತೆ ಶುರುವಾದರೆ ಇಬ್ಬರೂ ಒಂದೇ ಕಡೆ. ಐವತ್ತು ದಾಟಿದ ಮುಖ್ಯೋಪಾಧ್ಯಾಯರು ಆನೆಯಂತೆ ಸೊಂಡಿಲು ಆಡಿಸಿದ ಮೇಲೆ ಮಗುವಿಗೆ ಅವರ ಭಯ ಅರ್ಧ ಇಳಿದಿರುತ್ತದೆ.

ಗುಜರಾತಿನ ಭಾವನಗರದಲ್ಲಿ 1920ರಲ್ಲಿ ಬಾಲಮಂದಿರ ಕಟ್ಟಿದ ಗಿಜುಭಾಯಿ ಬಧೇಕಾ ಮೂಲತಃ ವಕೀಲರು. ಅವರಿಗೆ ‘ಮೀಸೆಯ ತಾಯಿ’ ಎಂಬ ಅಡ್ಡಹೆಸರಿತ್ತು. ಅವರ ‘ದಿವಾಸ್ವಪ್ನ’ದ ಮೇಷ್ಟ್ರು ಮಕ್ಕಳನ್ನು ಗೆಲ್ಲುವುದು ಕತೆ ಹೇಳಿ. ಇದನ್ನು ನಿಮ್ಮಲ್ಲಿ ಅನೇಕರು ತರಬೇತಿಯಲ್ಲಿ ಓದಿರುತ್ತೀರಿ, ಹೆಚ್ಚು ಹೇಳುವುದಿಲ್ಲ.

ನಾನು ನಿಂತು ಮಾತಾಡಬೇಕಾದದ್ದು ನಲಿ-ಕಲಿಯ ಬಗ್ಗೆ. ಇದನ್ನು ನೀವು ದಿನವೂ ಮಾಡುತ್ತೀರಿ. ಆದರೆ ಹೊರಗಿನವರು ಇದನ್ನು ಬರೀ ಕಾರ್ಡುಗಳ ಕಂತೆ ಎಂದುಕೊಂಡಿದ್ದಾರೆ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಯುನಿಸೆಫ್ ನೆರವಿನಿಂದ ಇದು ಆರಂಭವಾಯಿತು. ಅಲ್ಲಿಯ ಸರ್ಕಾರಿ ಶಾಲೆಗಳ ಮೇಷ್ಟ್ರುಗಳು ಆಂಧ್ರಪ್ರದೇಶದ ಮದನಪಲ್ಲಿ ಬಳಿಯ ರಿಷಿ ವ್ಯಾಲಿಗೆ ಹೋಗಿ, ಆ ಸಂಸ್ಥೆ ಸುತ್ತಲಿನ ಹಳ್ಳಿಗಳಲ್ಲಿ ನಡೆಸುತ್ತಿದ್ದ ಶಾಲೆಗಳನ್ನು ಕಂಡು ಬಂದರು. ಬಂದವರು ತಮ್ಮ ಮಕ್ಕಳಿಗೆ ಬೇಕಾದ ಕಾರ್ಡುಗಳನ್ನು ತಾವೇ ಕೂತು ಬರೆದರು. ಎಚ್.ಡಿ. ಕೋಟೆ ಕಾಡಂಚಿನ ತಾಲ್ಲೂಕು. ಜೇನುಕುರುಬ, ಕಾಡುಕುರುಬ ಹಾಡಿಗಳಿರುವ ನಾಡು. ಶಾಲೆಗೆ ಮಕ್ಕಳು ಒಂದು ದಿನ ಬಂದರೆ ಎರಡು ದಿನ ಬಾರದ ಕಡೆ ಈ ಪ್ರಯೋಗ ಹುಟ್ಟಿತು ಎಂಬುದನ್ನು ನೆನಪಿಡಬೇಕು.

ಈ ಕೋಣೆಯಲ್ಲಿ ಏನು ಬದಲಾಯಿತು? ಮೊದಲನೆಯದಾಗಿ ಮೇಷ್ಟ್ರ ಕುರ್ಚಿ ಹೋಯಿತು. ಮಕ್ಕಳು ಚಾಪೆಯ ಮೇಲೆ ಗುಂಪುಗುಂಪಾಗಿ ಕೂತರು, ಮೇಷ್ಟ್ರೂ ಅವರ ನಡುವೆ ಕೂತರು. ಕರಿಹಲಗೆ ಗೋಡೆಯ ಎತ್ತರದಿಂದ ಇಳಿದು ಮಗುವಿನ ಕೈಗೆ ನಿಲುಕುವಷ್ಟು ಕೆಳಗೆ ಬಂತು. ಮಕ್ಕಳು ಬರೆದ ಚಿತ್ರಗಳು ತಲೆಯ ಮೇಲಿನ ಚಪ್ಪರದಲ್ಲಿ ದಾರಕ್ಕೆ ತೂಗಾಡಿದವು. ಒಂದು, ಎರಡು, ಮೂರನೇ ತರಗತಿಯ ಮಕ್ಕಳು ಒಟ್ಟಿಗೆ ಸೇರಿದರು. ಕಲಿಕೆಯ ಏಣಿಯಲ್ಲಿ ಮಗು ಯಾವ ಮೆಟ್ಟಿಲಲ್ಲಿದೆಯೋ ಅದಕ್ಕೆ ತಕ್ಕ ಗುಂಪು: ಒಂದು ಗುಂಪಿಗೆ ಮೇಷ್ಟ್ರ ಪೂರ್ಣ ಸಹಾಯ, ಇನ್ನೊಂದಕ್ಕೆ ಸ್ವಲ್ಪ ಸಹಾಯ, ಬೇರೆಯದಕ್ಕೆ ಗೆಳೆಯರ ಸಹಾಯ, ಕೊನೆಗೆ ತಾನೇ ಕಲಿಯುವ ಗುಂಪು. ದೊಡ್ಡವರು ಚಿಕ್ಕವರಿಗೆ ಹೇಳಿಕೊಡುವ ಕೂಲಿಮಠದ ಪದ್ಧತಿ ಕೋದಂಡವನ್ನು ಹೊರಗೆ ಬಿಟ್ಟು ಮತ್ತೆ ಒಳಗೆ ಬಂದಂತಾಯಿತು. ಇದು ನನ್ನ ಕಲ್ಪನೆಯ ಹೋಲಿಕೆ. ಯೋಜನೆ ಮಾಡಿದವರು ಹಾಗೆ ಅಂದುಕೊಂಡಿದ್ದರು ಎಂದು ನಾನು ಹೇಳುತ್ತಿಲ್ಲ.

2009-10ರಲ್ಲಿ ಈ ಪದ್ಧತಿ ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿಗೆಲ್ಲ ವಿಸ್ತರಿಸಿದಾಗ ನಾನು ಒಂದನೇ ತರಗತಿ. ಹಾಗಾಗಿ ಈ ಕೋಣೆಯನ್ನು ನಾನು ಚಾಪೆಯ ಎತ್ತರದಿಂದ ನೋಡಿದ್ದೇನೆ. ಆ ವರ್ಷ ಅಮ್ಮ ಬಿದ್ದು ಕಾಲು ಮುರಿದುಕೊಂಡದ್ದರಿಂದ ನನ್ನನ್ನು ಮೂರು ವಾರ ಅಜ್ಜಿಯ ಊರಿನಲ್ಲಿ ಬಿಟ್ಟಿದ್ದರು. ವಾಪಸು ಬಂದಾಗ ಗೆಳತಿಯರೆಲ್ಲ ಮುಂದಿನ ಮೆಟ್ಟಿಲುಗಳಿಗೆ ಹೋಗಿದ್ದರು. ಆದರೆ ನಾನು ಬಿಟ್ಟುಹೋದ ಕಾರ್ಡು ನನಗಾಗಿ ಅಲ್ಲೇ ಇತ್ತು. ‘ಎಲ್ಲಿ ಹಾಳಾಗಿ ಹೋಗಿದ್ದೆ’ ಎಂದು ಯಾರೂ ಕೇಳಲಿಲ್ಲ. ‘ಅಮ್ಮನ ಕಾಲು ಹೇಗಿದೆ?’ ಎಂದು ಟೀಚರ್ ಕೇಳಿದರು, ಪಕ್ಕದಲ್ಲಿ ಕೂತು ಕಾರ್ಡು ಕೈಗೆ ಕೊಟ್ಟರು. ಅಷ್ಟೇ ಸಂಗತಿ. ಅವರು ವಿಶೇಷ ಮಮತೆಯ ಹೆಂಗಸಾಗಿದ್ದಿರಬಹುದು. ಆದರೆ ಇಡೀ ತರಗತಿಗೆ ಒಂದೇ ಪಾಠ ಓಡುತ್ತಿದ್ದರೆ, ತಪ್ಪಿಸಿಕೊಂಡ ಮಗು ಯಾವ ಮಮತೆಯ ಟೀಚರಿಗೂ ಒಂದು ತೊಡಕಾಗಿಯೇ ಕಾಣುತ್ತದೆ. ಇಲ್ಲಿ ಪದ್ಧತಿಯೇ ಅವರಿಗೆ ಮಮತೆ ತೋರಿಸಲು ಸಮಯ ಕೊಟ್ಟಿತ್ತು.

ಗೈರುಹಾಜರಿಯ ಮಾತನ್ನು ಒತ್ತಿ ಹೇಳಲು ಕಾರಣವಿದೆ. ಕಾಫಿ ಕೊಯ್ಲಿಗೆ, ಕಬ್ಬು ಕಡಿಯಲು, ಇಟ್ಟಿಗೆ ಗೂಡಿಗೆ, ಜಾತ್ರೆಗೆ, ಮದುವೆಗೆ ತಂದೆತಾಯಿಗಳ ಜೊತೆ ಹೋಗುವ ಮಕ್ಕಳು ನಿಮ್ಮ ಶಾಲೆಗಳಲ್ಲೇ ಇದ್ದಾರೆ. ಶಾಲೆ ಬಿಟ್ಟ ಮಕ್ಕಳ ಬಗ್ಗೆ ವರದಿ ಮಾಡಲು ಹೋದಾಗಲೆಲ್ಲ ನಾನು ಕೇಳುವ ಒಂದು ಪ್ರಶ್ನೆಯಿದೆ: ‘ಕೊನೆಯ ದಿನ ಏನಾಯಿತು?’ ‘ಹೋದರೆ ಬೈತಾರೆ ಅಂತ ಹೋಗಲಿಲ್ಲ’ ಎಂಬ ಉತ್ತರವನ್ನು ಒಂದಕ್ಕಿಂತ ಹೆಚ್ಚು ಸಲ ಕೇಳಿದ್ದೇನೆ. ಬಡತನ ಮಗುವನ್ನು ಶಾಲೆಯಿಂದ ಹೊರಗೆ ಕರೆದುಕೊಂಡು ಹೋಗುತ್ತದೆ. ಒಳಗೆ ಮರಳಿ ಬಾರದಂತೆ ತಡೆಯುವುದು ಅನೇಕ ಸಲ ನಾಚಿಕೆ.

ನಲಿ-ಕಲಿಯ ಮೇಲೆ ದೂರುಗಳಿಲ್ಲವೇ? ಧಾರಾಳವಾಗಿ ಇವೆ. ಕಾರ್ಡು ಹರಿದರೆ ಹೊಸದು ಬರುವುದಿಲ್ಲ, ದಾಖಲೆ ತುಂಬಿಸುವುದೇ ದೊಡ್ಡ ಕೆಲಸ, ಏಣಿ ಹತ್ತಿಸುವುದೂ ಒಂದು ಯಾಂತ್ರಿಕ ಕ್ರಿಯೆಯಾಗಿದೆ, ‘ಪುಸ್ತಕ ಎಲ್ಲಿ, ಹೋಂವರ್ಕ್ ಎಲ್ಲಿ’ ಎಂದು ಪೋಷಕರು ಕೇಳುತ್ತಾರೆ. ಇವೆಲ್ಲ ನಿಮ್ಮ ಬಾಯಿಂದಲೇ ನಾನು ಕೇಳಿದ್ದು. ಕುರ್ಚಿ ಮರಳಿ ಬಂದ ನಲಿ-ಕಲಿ ಕೋಣೆಗಳನ್ನೂ ಕಂಡಿದ್ದೇನೆ. ಮಂಡಿ ನೋವಿಗೆ ಬಂದ ಕುರ್ಚಿಯ ಬಗ್ಗೆ ನನ್ನ ತಕರಾರಿಲ್ಲ. ಆ ಕುರ್ಚಿ ಗುಂಪುಗಳ ನಡುವೆ ಇದೆಯೋ, ಬಾಗಿಲ ಬಳಿ ಮೇಜಿನ ಹಿಂದೆ ಇದೆಯೋ ಎಂಬುದನ್ನು ಮಾತ್ರ ನೋಡುತ್ತೇನೆ.

ಇನ್ನು ಮಾತಿನ ವಿಷಯ. ಅಮ್ಮನನ್ನು ‘ಯಾಡಿ’ ಎನ್ನುವ ತಾಂಡಾದ ಮಗು, ‘ಅಪ್ಪೆ’ ಎನ್ನುವ ತುಳು ಮಗು, ‘ಅವ್ವ’ ಎನ್ನುವ ಧಾರವಾಡದ ಮಗು, ಮನೆಯಲ್ಲಿ ಉರ್ದು ಆಡುವ ಮಗು ಎಲ್ಲರೂ ಬರುವುದು ‘ಅಮ್ಮ’ ಎಂದು ಅಚ್ಚಾಗಿರುವ ಪಾಠಕ್ಕೆ. ‘ಯಾಡಿ’ ಎಂದ ಮಗುವಿಗೆ ‘ತಪ್ಪು, ಅಮ್ಮ ಅನ್ನು’ ಎಂದರೆ ಮಗುವಿಗೆ ಕೇಳಿಸುವುದು, ‘ನಿನ್ನ ತಾಯಿಯೇ ತಪ್ಪು’ ಎಂದು. ಗ್ರಂಥಸ್ಥ ಕನ್ನಡ ಕಲಿಸಬೇಕು, ಅದರಲ್ಲಿ ಅನುಮಾನವಿಲ್ಲ. ಆದರೆ ‘ನಿಮ್ಮಲ್ಲಿ ಯಾಡಿ, ಪುಸ್ತಕದಲ್ಲಿ ಅಮ್ಮ’ ಎಂದು ಹೇಳಲು ಮೇಷ್ಟ್ರಿಗೆ ಆ ಒಂದು ಪದ ಗೊತ್ತಿರಬೇಕು. ನೀರು, ಅನ್ನ, ಹಸಿವು, ನೋವು, ಬಾ, ಕೂತುಕೋ ಎಂಬಂಥ ಹತ್ತು ಹನ್ನೆರಡು ಮಾತು ಸಾಕು. ಅವನ್ನು ಕಲಿಸಲು ತರಬೇತಿ ಶಿಬಿರ ಬೇಕಿಲ್ಲ, ಮಕ್ಕಳೇ ಕಲಿಸುತ್ತಾರೆ. ಮೇಷ್ಟ್ರು ತಪ್ಪು ಉಚ್ಚರಿಸಿ, ಮಕ್ಕಳು ನಕ್ಕು ತಿದ್ದಿದರೆ ಆ ದಿನದ ಪಾಠಕ್ಕಿಂತ ಹೆಚ್ಚಿನದು ನಡೆದಂತೆ.

ಬೆತ್ತದ ಬಗ್ಗೆ ಕಾನೂನು ಸ್ಪಷ್ಟವಾಗಿದೆ. 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಮು ದೈಹಿಕ ಶಿಕ್ಷೆಯನ್ನಷ್ಟೇ ಅಲ್ಲ, ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಬೆತ್ತ ಬಹುಮಟ್ಟಿಗೆ ಬೀರು ಸೇರಿದೆ. ‘ದಡ್ಡ’, ‘ಎಮ್ಮೆ’, ‘ನಿಮ್ಮ ಜನವೇ ಇಷ್ಟು’ ಎಂಬ ಮಾತುಗಳು ಇನ್ನೂ ಬೀರು ಸೇರಿಲ್ಲ. ಕೊನೆಯದು ಬೆತ್ತಕ್ಕಿಂತ ಕ್ರೂರ. ಬಿಸಿಯೂಟದ ಸಾಲಿನಲ್ಲಿ ಯಾರ ಪಕ್ಕ ಯಾರು ಕೂರುತ್ತಾರೆ ಎಂಬುದನ್ನು ನೋಡಿ, ಈ ಮಾತಿನ ಫಲ ಅಲ್ಲಿ ಕಾಣುತ್ತದೆ. 2002ರಲ್ಲಿ ಈಶಾನ್ಯ ಕರ್ನಾಟಕದ ಜಿಲ್ಲೆಗಳಲ್ಲಿ ಆರಂಭವಾಗಿ ಆಮೇಲೆ ಎಲ್ಲೆಡೆ ಬಂದ ಅಕ್ಷರ ದಾಸೋಹ, ಮೇಷ್ಟ್ರಿಗೆ ಮಕ್ಕಳ ಜೊತೆ ನೆಲದ ಮೇಲೆ ಕೂತು ಉಣ್ಣುವ ಅವಕಾಶವನ್ನೂ ಕೊಟ್ಟಿದೆ. ರುಚಿ ನೋಡಿ ಸಹಿ ಹಾಕುವುದು ನಿಯಮ. ತಟ್ಟೆ ಹಿಡಿದು ಸಾಲಿನ ಮಧ್ಯೆ ಕೂರುವುದು ನಿಮ್ಮಿಷ್ಟ. ಕೂತವರಿಗೆ ಯಾವ ಮಗು ಅನ್ನವನ್ನು ಕಲಸುತ್ತಲೇ ಕೂತಿದೆ, ಯಾವುದು ಮೂರನೇ ಸಲ ಕೇಳುತ್ತಿದೆ ಎಂಬುದು ತಿಳಿಯುತ್ತದೆ.

2020ರಲ್ಲಿ ಕೊರೊನಾದಿಂದ ಶಾಲೆಗಳು ಮುಚ್ಚಿದ್ದಾಗ ಆಗಸ್ಟ್‌ನಲ್ಲಿ ‘ವಿದ್ಯಾಗಮ’ ಆರಂಭವಾಯಿತು. ಮೇಷ್ಟ್ರುಗಳು ಮಕ್ಕಳಿದ್ದಲ್ಲಿಗೇ ಹೋಗಬೇಕು. ಗುಡಿಯ ಕಟ್ಟೆ, ಮರದ ನೆರಳು, ಮನೆಯ ಜಗಲಿ ಮತ್ತೆ ಶಾಲೆಯಾದವು. ಸೋಂಕಿನ ಭಯದಿಂದ ಅಕ್ಟೋಬರಿನಲ್ಲಿ ಅದನ್ನು ನಿಲ್ಲಿಸಬೇಕಾಯಿತು. ಶಿಕ್ಷಕರೂ ಮಕ್ಕಳೂ ಸೋಂಕಿಗೆ ತುತ್ತಾದರು. ಅದನ್ನು ಮತ್ತೆ ಮಾಡಿ ಎಂದು ಯಾರೂ ಹೇಳಲಾರರು. ಆದರೆ ಆ ತಿಂಗಳುಗಳ ಬಗ್ಗೆ ನಾನು ಮಾತಾಡಿಸಿದ ಹಲವು ಶಿಕ್ಷಕರು ಒಂದೇ ರೀತಿಯ ಮಾತು ಹೇಳಿದ್ದಾರೆ: ಹುಡುಗ ಹೋಂವರ್ಕ್ ಏಕೆ ಮಾಡುವುದಿಲ್ಲವೆಂದು ಅವನ ಮನೆ ಕಂಡ ಮೇಲೆ ತಿಳಿಯಿತು. ಒಂದೇ ಕೋಣೆ, ಒಂದೇ ಬಲ್ಬು, ಅದರ ಕೆಳಗೆ ಬೀಡಿ ಕಟ್ಟುವ ಅಮ್ಮ. ಮಹಾನವಮಿಯ ದಿನ ಕೂಲಿಮಠದ ಅಯ್ಯನವರಿಗೆ ತಿಳಿಯುತ್ತಿದ್ದದ್ದು ಇದೇ. ಈಗ ಅದಕ್ಕೆ ಸಾಂಕ್ರಾಮಿಕ ರೋಗವೂ ಬೇಡ, ಮೆರವಣಿಗೆಯೂ ಬೇಡ. ದಾಖಲಾತಿ ಆಂದೋಲನಕ್ಕೆ ನೀವು ಜೂನ್ ತಿಂಗಳಲ್ಲಿ ಮನೆಮನೆಗೆ ಹೋಗುತ್ತೀರಲ್ಲ, ಆಗ ಅರ್ಜಿ ತುಂಬಿಸಿಕೊಂಡು ಬಾಗಿಲಿಂದಲೇ ಮರಳದೆ ಐದು ನಿಮಿಷ ಜಗಲಿಯ ಮೇಲೆ ಕೂತರೆ ಸಾಕು.

‘ಇದಕ್ಕೆಲ್ಲ ಸಮಯ ಎಲ್ಲಿದೆ?’ ಎಂದು ಹಿಂದಿನ ಸಾಲಿನಲ್ಲಿ ಯಾರೋ ಪಿಸುಗುಟ್ಟಿದ್ದು ನನಗೆ ಕೇಳಿಸಿತು. ನ್ಯಾಯವಾದ ಪ್ರಶ್ನೆ. ಕಾಯ್ದೆಯ ಪ್ರಕಾರವೇ ಜನಗಣತಿ, ಚುನಾವಣೆ, ವಿಕೋಪ ಪರಿಹಾರಗಳಿಗೆ ನಿಮ್ಮನ್ನು ಕರೆಯಬಹುದು. ಅದರ ಮೇಲೆ ಮೊಟ್ಟೆಯ ಲೆಕ್ಕ, ಹಾಲಿನ ಪುಡಿಯ ಲೆಕ್ಕ, ಆನ್‌ಲೈನ್ ಮಾಹಿತಿ. ಏಕೋಪಾಧ್ಯಾಯ ಶಾಲೆಯಲ್ಲಿ ಮೇಷ್ಟ್ರು ಸಭೆಗೆ ಹೋದರೆ ಪಾಠಕ್ಕೆ ಯಾರೂ ಇರುವುದಿಲ್ಲ. ಶಿಕ್ಷಕರನ್ನು ಗುಮಾಸ್ತರನ್ನಾಗಿಸಿ, ಮಕ್ಕಳೊಂದಿಗೆ ನಂಟಿಲ್ಲವೆಂದು ದೂರುವುದು ಸರಿಯಲ್ಲ. ಇದನ್ನು ನಮ್ಮ ಪತ್ರಿಕೆಯವರು ಬರೆಯಬೇಕು, ಬರೆಯುತ್ತೇವೆ.

ನನಗೆ ಹೆಚ್ಚು ಕಳವಳ ತಂದಿರುವುದು ಇನ್ನೊಂದು ಸಂಗತಿ. ಇಷ್ಟೆಲ್ಲ ಕಷ್ಟಪಟ್ಟು ಕಟ್ಟಿದ ಪರಿಚಯ ವರ್ಗಾವಣೆಯ ಒಂದು ಆದೇಶದಿಂದ ಅಳಿಸಿಹೋಗುತ್ತದೆ. ಅತಿಥಿ ಶಿಕ್ಷಕರಾದರೆ ವರ್ಷದ ಕೊನೆಗೇ ಮುಗಿಯಿತು. ಹೊಸಬರು ಅಧಿಕಾರ ವಹಿಸಿಕೊಳ್ಳುವಾಗ ಪ್ರಭಾರ ಪಟ್ಟಿಯಲ್ಲಿ ಬೆಂಚು, ಬೀರು, ಗ್ಯಾಸ್ ಸಿಲಿಂಡರ್, ಸೌಟುಗಳವರೆಗೆ ಎಲ್ಲ ಬರೆದಿರುತ್ತದೆ. ಮಕ್ಕಳ ಬಗ್ಗೆ ಇರುವುದು ಸಂಖ್ಯೆ ಮಾತ್ರ. ಆ ಪಟ್ಟಿಯ ಜೊತೆಗೆ ಒಂದು ನೂರು ಪುಟದ ನೋಟು ಪುಸ್ತಕವನ್ನೂ ಹಸ್ತಾಂತರಿಸುವ ರೂಢಿಯನ್ನು ಈ ಕ್ಲಸ್ಟರಿನಲ್ಲಿ ಆರಂಭಿಸಬಹುದೇ? ಒಂದೊಂದು ಮಗುವಿಗೆ ಒಂದೊಂದು ಪುಟ. ಮನೆಯಲ್ಲಿ ಕರೆಯುವ ಹೆಸರು, ಮನೆಮಾತು, ಯಾರ ಜೊತೆ ಕೂತರೆ ಕಲಿಯುತ್ತದೆ, ಯಾವ ತಿಂಗಳಲ್ಲಿ ಊರು ಬಿಡುತ್ತದೆ, ಯಾವುದಕ್ಕೆ ಹೆದರುತ್ತದೆ, ಯಾವ ಹಾಡಿಗೆ ಎದ್ದು ಕುಣಿಯುತ್ತದೆ ಎಂಬ ನಾಲ್ಕೈದು ಸಾಲು. ಮನೆಯ ಗುಟ್ಟು, ಜಾತಿ, ಹಳೆಯ ತಪ್ಪುಗಳ ಪಟ್ಟಿ ಅದರಲ್ಲಿ ಬೇಡ. ಇಲಾಖೆ ಇದನ್ನು ಕೇಳಬಾರದು; ಕೇಳಿದರೆ ಅದಕ್ಕೂ ಒಂದು ನಮೂನೆ ಬಂದು, ಇನ್ನೊಂದು ದಾಖಲೆಯಾಗಿ ಸತ್ತುಹೋದೀತು. ನಿಮ್ಮಿಂದ ನಿಮ್ಮ ಮುಂದಿನವರಿಗೆ, ಕೈಯಿಂದ ಕೈಗೆ. ಮುಂದಿನ ವರ್ಗಾವಣೆಗೆ ಮೊದಲು ಮೂರು ಶಾಲೆಗಳವರಾದರೂ ಇದನ್ನು ಬರೆದು ನೋಡುವುದಾದರೆ, ಹೇಗೆ ನಡೆಯಿತೆಂದು ಕೇಳಲು ನಾನು ಬರುತ್ತೇನೆ.